ಮಿಸೌರಿ ಬಿಟ್ಟುಹೋದ ತಂಡಗಳು

ಅಮೆರಿಕದ ನಡುಭಾಗದಲ್ಲಿರುವ ಮಿಸೌರಿ ರಾಜ್ಯದಲ್ಲಿ ದೊಡ್ಡ ನಗರಗಳು ಎರಡು. ಪೂರ್ವದ ಗಡಿಯಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ ಸೇಂಟ್ ಲೂಯಿಸ್ ಇದೆ. ಪಶ್ಚಿಮದ ಗಡಿಯಲ್ಲಿ, ಮಿಸೌರಿ ನದಿಯ ದಂಡೆಯ ಮೇಲೆ ಕನ್ಸಾಸ್ ಸಿಟಿ ಇದೆ. ಎರಡರ ನಡುವೆ ಸುಮಾರು 400 ಕಿಲೋಮೀಟರ್ ದೂರ. ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಈ ನಾಲ್ಕು ಆಟಗಳ ಅತ್ಯುನ್ನತ ಲೀಗ್‌ಗಳಲ್ಲಿ ಆಡುತ್ತಿದ್ದ ಏಳು ತಂಡಗಳು 1954ರಿಂದ 2016ರವರೆಗಿನ ಅವಧಿಯಲ್ಲಿ ಈ ಎರಡು ನಗರಗಳನ್ನು ಬಿಟ್ಟು ಬೇರೆ ರಾಜ್ಯಗಳಿಗೆ ಹೋದವು. ಹೋಗಲು ಜಾಗವೇ ಇಲ್ಲದೆ ಮುಚ್ಚಿಹೋದ ತಂಡಗಳು ಇವುಗಳಲ್ಲದೆ ಇನ್ನೂ ಹಲವು.

ತಂಡವೊಂದು ಊರು ಬಿಡುವುದು ಹೇಗೆ ಎಂಬುದು ತಿಳಿಯಲು ಅಲ್ಲಿನ ಲೀಗ್‌ಗಳ ಕಟ್ಟಳೆ ಗೊತ್ತಿರಬೇಕು. ಯುರೋಪಿನ ಫುಟ್‌ಬಾಲ್‌ನಲ್ಲಿ ಸಣ್ಣ ಊರಿನ ಕ್ಲಬ್ ಗೆಲ್ಲುತ್ತ ಗೆಲ್ಲುತ್ತ ಮೇಲಿನ ಲೀಗಿಗೆ ಏರಬಹುದು. ಅಮೆರಿಕದಲ್ಲಿ ಆ ದಾರಿ ಇಲ್ಲ. ಐಪಿಎಲ್‌ನಲ್ಲಿರುವಂತೆ ಅಲ್ಲಿಯೂ ತಂಡಗಳು ಫ್ರಾಂಚೈಸಿಗಳು. ಎಷ್ಟು ತಂಡಗಳಿರಬೇಕು, ಯಾವ ಊರಿನಲ್ಲಿರಬೇಕು ಎಂಬುದನ್ನು ತೀರ್ಮಾನಿಸುವವರು ಮಾಲೀಕರೇ ಸೇರಿದ ಲೀಗ್. ತಂಡದ ಹೆಸರಿನಲ್ಲಿ ಊರಿನ ಹೆಸರಿದ್ದರೂ ಊರಿಗೆ ಅದರಲ್ಲಿ ಪಾಲಿಲ್ಲ. ಲೀಗಿನಲ್ಲಿರುವ ಜಾಗಗಳಿಗಿಂತ ತಂಡ ಬೇಕೆನ್ನುವ ಊರುಗಳು ಯಾವಾಗಲೂ ಹೆಚ್ಚು. ಆದ್ದರಿಂದ ತಂಡವಿಲ್ಲದ ಊರು ಹೊಸ ಫ್ರಾಂಚೈಸಿಗಾಗಿ ಕಾಯಬೇಕು, ಇಲ್ಲವೇ ಇನ್ನೊಂದು ಊರಿನ ತಂಡವನ್ನು ಕರೆತರಬೇಕು.

ಮಿಸೌರಿ ಎರಡನ್ನೂ ಮಾಡಿದೆ. ಹೊರಟುಹೋದ ಏಳು ತಂಡಗಳಲ್ಲಿ ಒಂದನ್ನು ಬಿಟ್ಟು ಉಳಿದ ಆರೂ ಮೊದಲು ಬೇರೆ ಊರಿನವಾಗಿದ್ದವು. ಮಿಲ್ವಾಕಿ, ಫಿಲಡೆಲ್ಫಿಯಾ, ಶಿಕಾಗೊ, ಸಿನ್ಸಿನಾಟಿ, ಲಾಸ್ ಏಂಜಲೀಸ್‌ನ ಜನ ಕಳೆದುಕೊಂಡಿದ್ದನ್ನು ಮಿಸೌರಿ ಪಡೆಯಿತು, ಕೆಲವು ವರ್ಷಗಳ ನಂತರ ತಾನೂ ಕಳೆದುಕೊಂಡಿತು. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಗಮನಿಸಬೇಕಾದ ಸಂಗತಿ ಇದೇ.

ಇಲ್ಲಿಂದ ಮೊದಲು ಹೊರಟ ದೊಡ್ಡ ತಂಡ 19ನೇ ಶತಮಾನದ್ದು. ಸೇಂಟ್ ಲೂಯಿಸ್‌ನ ಶ್ರೀಮಂತ ಮನೆತನದ ಹೆನ್ರಿ ಲ್ಯೂಕಸ್ 1884ರಲ್ಲಿ ಯೂನಿಯನ್ ಅಸೋಸಿಯೇಷನ್ ಎಂಬ ಹೊಸ ಬೇಸ್‌ಬಾಲ್ ಲೀಗ್ ಕಟ್ಟಿದರು. ಒಳ್ಳೆಯ ಆಟಗಾರರನ್ನೆಲ್ಲ ತಮ್ಮ ಮರೂನ್ಸ್ ತಂಡಕ್ಕೇ ಸೇರಿಸಿಕೊಂಡರು. ಮರೂನ್ಸ್ ಮೊದಲ 20 ಪಂದ್ಯಗಳನ್ನು ಸತತವಾಗಿ ಗೆದ್ದು, ವರ್ಷದ ಕೊನೆಗೆ 94 ಗೆಲುವು, 19 ಸೋಲಿನೊಂದಿಗೆ ಮೊದಲ ಸ್ಥಾನದಲ್ಲಿ ನಿಂತಿತು. ಫಲಿತಾಂಶ ಮೊದಲೇ ಗೊತ್ತಿರುವ ಲೀಗಿಗೆ ಪ್ರೇಕ್ಷಕರು ಏಕೆ ಬರುತ್ತಾರೆ? ಅದು ಒಂದೇ ವರ್ಷಕ್ಕೆ ಮುಗಿಯಿತು. ಮರುವರ್ಷ ಮರೂನ್ಸ್ ನ್ಯಾಷನಲ್ ಲೀಗ್ ಸೇರಿತು. ಆದರೆ ಊರಿನಲ್ಲಿ ಬಿಯರ್ ವ್ಯಾಪಾರಿ ಕ್ರಿಸ್ ಫಾನ್ ಡೆರ್ ಆಹೆ ನಡೆಸುತ್ತಿದ್ದ ಬ್ರೌನ್ಸ್ ತಂಡ ಆಗಲೇ ಜನಪ್ರಿಯವಾಗಿತ್ತು. ಅಲ್ಲಿ ಟಿಕೆಟ್ ಅಗ್ಗ, ಭಾನುವಾರವೂ ಆಟ, ಮೈದಾನದಲ್ಲೇ ಬಿಯರ್. ನ್ಯಾಷನಲ್ ಲೀಗಿನ ನಿಯಮಗಳು ಇದಾವುದಕ್ಕೂ ಅವಕಾಶ ಕೊಡುತ್ತಿರಲಿಲ್ಲ. 1887ರಲ್ಲಿ ಮರೂನ್ಸ್ ಇಂಡಿಯಾನಾಪೊಲಿಸ್‌ಗೆ ಹೋಯಿತು. ಆ ಹಳೆಯ ಬ್ರೌನ್ಸ್ ತಂಡವೇ ಹೆಸರು ಬದಲಿಸಿಕೊಂಡು ಇಂದಿನ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಆಗಿದೆ.

ಮಿಸೌರಿಯ ಮುಚ್ಚಿಹೋದ ತಂಡಗಳಲ್ಲಿ ಅತ್ಯಂತ ದೊಡ್ಡದು ಕನ್ಸಾಸ್ ಸಿಟಿ ಮೊನಾರ್ಕ್ಸ್. 1947ರವರೆಗೆ ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗ್‌ಗಳು ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದ್ದವು. ಹಾಗಾಗಿ ಕಪ್ಪು ಜನ ತಮ್ಮದೇ ಲೀಗ್‌ಗಳನ್ನು ಕಟ್ಟಿಕೊಂಡರು. 1920ರ ಫೆಬ್ರವರಿ 13ರಂದು ಕನ್ಸಾಸ್ ಸಿಟಿಯ ಪಸೇಯೊ ಬೀದಿಯ ವೈಎಂಸಿಎ ಕಟ್ಟಡದಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಹುಟ್ಟಿತು. ಸ್ಥಾಪಕ ತಂಡಗಳಲ್ಲಿ ಮೊನಾರ್ಕ್ಸ್ ಒಂದು. ಅದರ ಮಾಲೀಕ ಜೆ.ಎಲ್. ವಿಲ್ಕಿನ್ಸನ್ ಬಿಳಿಯರು, ಆ ಲೀಗಿನ ಸ್ಥಾಪಕ ಮಾಲೀಕರಲ್ಲಿ ಬಿಳಿಯರೆಂದರೆ ಅವರೊಬ್ಬರೇ. 1924ರಲ್ಲಿ ನಡೆದ ಮೊದಲ ನೀಗ್ರೊ ವರ್ಲ್ಡ್ ಸೀರೀಸ್‌ನಲ್ಲಿ ಮೊನಾರ್ಕ್ಸ್ ಹಿಲ್‌ಡೇಲ್ ತಂಡವನ್ನು ಸೋಲಿಸಿತು.

ಆರ್ಥಿಕ ಮಹಾಕುಸಿತದ ಕಾಲದಲ್ಲಿ ವಿಲ್ಕಿನ್ಸನ್ ತೆಗೆದುಕೊಂಡ ಒಂದು ನಿರ್ಧಾರ ಬೇಸ್‌ಬಾಲ್‌ನ ನಡೆಯನ್ನೇ ಬದಲಿಸಿತು. ಹಗಲು ದುಡಿಯುವ ಜನ ರಾತ್ರಿಯಾದರೂ ಆಟಕ್ಕೆ ಬರಲಿ ಎಂದು ಅವರು 1930ರಲ್ಲಿ ಸಾಲ ಮಾಡಿ ಲಾರಿಗಳ ಮೇಲೆ ಸಾಗಿಸಬಹುದಾದ ವಿದ್ಯುದ್ದೀಪಗಳನ್ನೂ ಜನರೇಟರನ್ನೂ ಮಾಡಿಸಿದರು. ತಂಡ ಊರೂರು ಸುತ್ತಿತು, ದೀಪಗಳೂ ಜೊತೆಗೆ ಸುತ್ತಿದವು. ಪ್ರಮುಖ ಲೀಗಿನ ಮೊದಲ ರಾತ್ರಿ ಪಂದ್ಯ ಸಿನ್ಸಿನಾಟಿಯಲ್ಲಿ ನಡೆದದ್ದು ಐದು ವರ್ಷ ತಡವಾಗಿ, 1935ರಲ್ಲಿ.

ಬುಲೆಟ್ ರೋಗನ್, ಸ್ಯಾಚೆಲ್ ಪೇಜ್, ಬಕ್ ಓನೀಲ್, ಎರ್ನಿ ಬ್ಯಾಂಕ್ಸ್ ಎಲ್ಲರೂ ಮೊನಾರ್ಕ್ಸ್ ಪರ ಆಡಿದವರು. 1945ರಲ್ಲಿ ಜ್ಯಾಕಿ ರಾಬಿನ್ಸನ್ ಆಡಿದ್ದೂ ಇಲ್ಲಿಯೇ. ಅದೇ ವರ್ಷ ಬ್ರೂಕ್ಲಿನ್ ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಅವರನ್ನು ಕರೆದುಕೊಂಡರು. ಮೊನಾರ್ಕ್ಸ್‌ಗೆ ಒಂದು ಡಾಲರ್ ಪರಿಹಾರವನ್ನೂ ಕೊಡಲಿಲ್ಲ. ಮೊನಾರ್ಕ್ಸ್ ಮಾಲೀಕರು ಮೊದಲು ಆಕ್ಷೇಪ ಎತ್ತಿದರೂ ಆಮೇಲೆ ಕೈಬಿಟ್ಟರು. ಕಪ್ಪು ಆಟಗಾರನೊಬ್ಬ ಪ್ರಮುಖ ಲೀಗಿಗೆ ಹೋಗುವುದನ್ನು ತಡೆದವರು ಎಂಬ ಹೆಸರು ಅವರಿಗೆ ಬೇಕಿರಲಿಲ್ಲ. 1947ರಲ್ಲಿ ರಾಬಿನ್ಸನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದ ದಿನದಿಂದ ವರ್ಣಭೇದದ ಗೋಡೆ ಬಿರುಕು ಬಿಟ್ಟಿತು. ಕಪ್ಪು ಪ್ರೇಕ್ಷಕರ ಕಣ್ಣು ಪ್ರಮುಖ ಲೀಗಿನತ್ತ ತಿರುಗಿತು. ಅತ್ಯಂತ ನ್ಯಾಯವಾದ ಬದಲಾವಣೆಯೇ ಕಪ್ಪು ಲೀಗ್‌ಗಳ ಬದುಕನ್ನು ಕಸಿಯಿತು. ಪೇಜ್ 1948ರಲ್ಲಿ ಕ್ಲೀವ್‌ಲ್ಯಾಂಡಿಗೆ, ಬ್ಯಾಂಕ್ಸ್ 1953ರಲ್ಲಿ ಶಿಕಾಗೊಗೆ ಹೋದರು. 1955ರಲ್ಲಿ ಕನ್ಸಾಸ್ ಸಿಟಿಗೆ ಪ್ರಮುಖ ಲೀಗಿನ ತಂಡ ಬಂದ ಮೇಲೆ ಮೊನಾರ್ಕ್ಸ್ ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಸೇರಿತು. ಕನ್ಸಾಸ್ ಸಿಟಿಯ ಹೆಸರಿನಲ್ಲೇ ಊರೂರು ತಿರುಗಿ ಆಡುತ್ತ 1960ರ ದಶಕದ ನಡುವೆ ನಿಂತುಹೋಯಿತು.

ಸೇಂಟ್ ಲೂಯಿಸ್ ಸ್ಟಾರ್ಸ್ ಕೂಡ ಇದೇ ಲೀಗಿನ ತಂಡ. ಮಿಂಚಿನ ಓಟಕ್ಕೆ ಹೆಸರಾದ ಕೂಲ್ ಪಾಪಾ ಬೆಲ್ ಅದರಲ್ಲಿದ್ದರು. 1928, 1930 ಮತ್ತು 1931ರಲ್ಲಿ ಪ್ರಶಸ್ತಿ ಗೆದ್ದ ಈ ತಂಡ, 1931ರಲ್ಲಿ ಲೀಗೇ ಕುಸಿದಾಗ ಅದರೊಂದಿಗೆ ಮುಳುಗಿತು. ಈ ತಂಡಗಳ ಚರಿತ್ರೆಯನ್ನು ಕಾಪಾಡಲು 1990ರಲ್ಲಿ ಕನ್ಸಾಸ್ ಸಿಟಿಯಲ್ಲಿ ನೀಗ್ರೊ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಆರಂಭವಾಯಿತು. ಅದಕ್ಕಾಗಿ ಬಕ್ ಓನೀಲ್ ಅವರಷ್ಟು ದುಡಿದವರು ಕಡಿಮೆ. ಮೇಜರ್ ಲೀಗ್ ಬೇಸ್‌ಬಾಲ್ 2020ರ ಡಿಸೆಂಬರ್‌ನಲ್ಲಿ ಈ ಲೀಗ್‌ಗಳಿಗೂ ಪ್ರಮುಖ ಲೀಗಿನ ಸ್ಥಾನಮಾನ ಕೊಟ್ಟಿತು. 2024ರಲ್ಲಿ ಅವುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. ಓನೀಲ್ 2006ರಲ್ಲೇ ತೀರಿಕೊಂಡಿದ್ದರು.

20ನೇ ಶತಮಾನದ ವಲಸೆಗಳಲ್ಲಿ ಮೊದಲನೆಯದು ಅಮೆರಿಕನ್ ಲೀಗಿನ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ್ದು. 1902ರಲ್ಲಿ ಮಿಲ್ವಾಕಿಯಿಂದ ಬಂದ ಈ ತಂಡ, ಕಾರ್ಡಿನಲ್ಸ್ ಬಿಟ್ಟುಕೊಟ್ಟ ಹಳೆಯ ಹೆಸರನ್ನೇ ಇಟ್ಟುಕೊಂಡಿತು. 1920ರಲ್ಲಿ ಅದರ ಆಟಗಾರ ಜಾರ್ಜ್ ಸಿಸ್ಲರ್ ಒಂದೇ ಋತುವಿನಲ್ಲಿ ಹೊಡೆದ 257 ಹಿಟ್‌ಗಳ ದಾಖಲೆಯನ್ನು ಜಪಾನಿನ ಇಚಿರೊ 2004ರಲ್ಲಿ ಮುರಿಯುವವರೆಗೆ ಯಾರೂ ಮುಟ್ಟಲಿಲ್ಲ. 1920ರಲ್ಲೇ ಕಾರ್ಡಿನಲ್ಸ್ ತಂಡ ಬ್ರೌನ್ಸ್ ಒಡೆತನದ ಸ್ಪೋರ್ಟ್ಸ್‌ಮನ್ಸ್ ಪಾರ್ಕಿಗೆ ಬಾಡಿಗೆಗೆ ಬಂತು. ಬಾಡಿಗೆಗೆ ಬಂದವರು 1926ರಿಂದ ಮೇಲೆ ಮೇಲೆ ಪ್ರಶಸ್ತಿ ಗೆದ್ದರು. ಮನೆಯ ಒಡೆಯರು ಸೋಲುತ್ತಲೇ ಹೋದರು. 1935ರ ಇಡೀ ಋತುವಿನಲ್ಲಿ ಬ್ರೌನ್ಸ್ ಆಟ ನೋಡಲು ಬಂದವರು ಸುಮಾರು 81 ಸಾವಿರ ಜನ ಮಾತ್ರ, ಅಂದರೆ ಪಂದ್ಯಕ್ಕೆ ಸಾವಿರದ ಆಸುಪಾಸು.

1941ರಲ್ಲಿ ಮಾಲೀಕ ಡೊನಾಲ್ಡ್ ಬಾರ್ನ್ಸ್ ತಂಡವನ್ನು ಲಾಸ್ ಏಂಜಲೀಸ್‌ಗೆ ಒಯ್ಯಲು ಸಿದ್ಧತೆ ಮಾಡಿಕೊಂಡಿದ್ದರು. ಲೀಗಿನ ಸಭೆ ಡಿಸೆಂಬರ್ 8ಕ್ಕೆ ನಿಗದಿಯಾಗಿತ್ತು. ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಪ್ರಸ್ತಾವ ಅಲ್ಲಿಗೇ ಬಿತ್ತು. ಯುದ್ಧದ ಕಾಲದಲ್ಲಿ ಎಲ್ಲ ತಂಡಗಳ ಒಳ್ಳೆಯ ಆಟಗಾರರು ಸೇನೆಗೆ ಹೋಗಿದ್ದಾಗ, 1944ರಲ್ಲಿ, ಬ್ರೌನ್ಸ್ ತನ್ನ ಏಕೈಕ ಲೀಗ್ ಪ್ರಶಸ್ತಿ ಗೆದ್ದಿತು. ಎರಡು ಪ್ರಮುಖ ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು ಅದೇ ಊರಿನ, ಅದೇ ಮೈದಾನದ ಕಾರ್ಡಿನಲ್ಸ್. ಆರೂ ಪಂದ್ಯಗಳು ಒಂದೇ ಕ್ರೀಡಾಂಗಣದಲ್ಲಿ ನಡೆದವು. ಕಾರ್ಡಿನಲ್ಸ್ 4–2ರಿಂದ ಗೆದ್ದಿತು.

1951ರಲ್ಲಿ ತಂಡವನ್ನು ಕೊಂಡ ಬಿಲ್ ವೀಕ್ ಕಾರ್ಡಿನಲ್ಸ್ ತಂಡವನ್ನೇ ಊರಿನಿಂದ ಹೊರಡಿಸುವ ಹಂಬಲ ಇಟ್ಟುಕೊಂಡಿದ್ದರು. ಪ್ರೇಕ್ಷಕರನ್ನು ಸೆಳೆಯಲು ಅವರು ಮಾಡದ ಪ್ರಯೋಗವಿಲ್ಲ. ಆಗಸ್ಟ್ 19ರಂದು 3 ಅಡಿ 7 ಅಂಗುಲ ಎತ್ತರದ ಎಡ್ಡಿ ಗೇಡೆಲ್ ಅವರನ್ನು, ಬೆನ್ನಿನ ಮೇಲೆ 1/8 ಎಂಬ ಸಂಖ್ಯೆ ಹಾಕಿ ಬ್ಯಾಟಿಂಗ್‌ಗೆ ಕಳಿಸಿದರು. ಅಷ್ಟು ಚಿಕ್ಕ ಅಂತರದೊಳಗೆ ಚೆಂಡೆಸೆಯಲಾಗದೆ ಡೆಟ್ರಾಯಿಟ್ ತಂಡದ ಪಿಚ್ಚರ್ ನಾಲ್ಕು ಎಸೆತಗಳಲ್ಲಿ ಅವರಿಗೆ ಮೊದಲ ಬೇಸ್ ಬಿಟ್ಟುಕೊಟ್ಟರು. ಐದು ದಿನಗಳ ಬಳಿಕ ತಂಡದ ತಂತ್ರಗಳನ್ನೇ ಪ್ರೇಕ್ಷಕರ ಮತಕ್ಕೆ ಬಿಟ್ಟರು. ಆದರೆ 1953ರಲ್ಲಿ ಆಟದ ಹೊರಗಿನ ಒಂದು ಘಟನೆ ಎಲ್ಲವನ್ನೂ ತೀರ್ಮಾನಿಸಿತು. ತೆರಿಗೆ ವಂಚನೆಯಲ್ಲಿ ಶಿಕ್ಷೆಗೊಳಗಾದ ಕಾರ್ಡಿನಲ್ಸ್ ಮಾಲೀಕ ಫ್ರೆಡ್ ಸೈ ತಮ್ಮ ತಂಡವನ್ನು ಊರಿನದೇ ಬೃಹತ್ ಬಿಯರ್ ಕಂಪನಿ ಆನ್ಹೈಸರ್-ಬುಶ್‌ಗೆ ಮಾರಿದರು. ಆ ಹಣಬಲದ ಮುಂದೆ ನಿಲ್ಲುವುದು ಸಾಧ್ಯವಿಲ್ಲ ಎಂದು ವೀಕ್‌ಗೆ ತಿಳಿಯಿತು. ಅವರು ಕ್ರೀಡಾಂಗಣವನ್ನು ಬಿಯರ್ ಕಂಪನಿಗೇ ಮಾರಿ, ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯಲು ಅನುಮತಿ ಕೇಳಿದರು. ಅವರ ರೀತಿನೀತಿಗಳಿಂದ ಬೇಸತ್ತಿದ್ದ ಇತರ ಮಾಲೀಕರು ಒಪ್ಪಲಿಲ್ಲ. ವೀಕ್ ತಂಡವನ್ನೇ ಬಾಲ್ಟಿಮೋರ್‌ನವರಿಗೆ ಮಾರಿದ ನಂತರವಷ್ಟೇ ಒಪ್ಪಿದರು. 1954ರಿಂದ ಅದು ಬಾಲ್ಟಿಮೋರ್ ಓರಿಯೋಲ್ಸ್.

ಆಟ ಕೆಟ್ಟದ್ದಾಗಿದ್ದಕ್ಕೆ ಬ್ರೌನ್ಸ್ ಊರು ಬಿಟ್ಟಿತು ಎಂಬ ಮಾತು ಅರ್ಧ ಸತ್ಯ. ಮಧ್ಯಮ ಗಾತ್ರದ ಒಂದು ನಗರ ಎರಡು ಬೇಸ್‌ಬಾಲ್ ತಂಡಗಳನ್ನು ಸಾಕಲಾರದು ಎಂಬುದು ಮೊದಲೇ ಖಚಿತವಾಗಿತ್ತು. ಉಳಿಯುವವರು ಯಾರು ಎಂಬುದನ್ನು ಹಣ ತೀರ್ಮಾನಿಸಿತು.

ಇದೇ ಕಾಲದ ಸಣ್ಣಪುಟ್ಟ ತಂಡಗಳ ಕಥೆ ಬೇಗ ಮುಗಿಯುತ್ತದೆ. 1934ರಲ್ಲಿ ಕೆನಡಾದ ಒಟ್ಟಾವ ಸೆನೆಟರ್ಸ್ ಐಸ್ ಹಾಕಿ ತಂಡ ಸೇಂಟ್ ಲೂಯಿಸ್‌ಗೆ ಬಂದು ಈಗಲ್ಸ್ ಎನಿಸಿಕೊಂಡಿತು. ಆದರೆ ಲೀಗ್ ಅದನ್ನು ಕೆನಡಾದ ವಿಭಾಗದಲ್ಲೇ ಉಳಿಸಿತ್ತು. ಮಾಂಟ್ರಿಯಲ್, ಟೊರಾಂಟೊಗಳಿಗೆ ರೈಲಿನಲ್ಲಿ ಹೋಗಿಬರುವ ಖರ್ಚೇ ಅದನ್ನು ಮುಳುಗಿಸಿತು; 48 ಪಂದ್ಯಗಳಲ್ಲಿ 11 ಗೆದ್ದು ಒಂದೇ ಋತುವಿಗೆ ಮುಚ್ಚಿತು. ಅದೇ 1934ರಲ್ಲಿ ಗನ್ನರ್ಸ್ ತಂಡ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ ಮೂರೇ ಪಂದ್ಯ ಆಡಿ ಮರೆಯಾಯಿತು. ಬಾಂಬರ್ಸ್ ಬ್ಯಾಸ್ಕೆಟ್‌ಬಾಲ್ ತಂಡ 1946ರಿಂದ 1950ರವರೆಗೆ ಬಾಳಿತು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೇಂಟ್ ಲೂಯಿಸ್‌ನ ನಿಜವಾದ ವೈಭವ ಹಾಕ್ಸ್ ತಂಡದ್ದು. ಬೆನ್ ಕೆರ್ನರ್ ಅದನ್ನು 1955ರಲ್ಲಿ ಮಿಲ್ವಾಕಿಯಿಂದ ತಂದರು. 1957ರಿಂದ 1961ರ ನಡುವೆ ತಂಡ ನಾಲ್ಕು ಬಾರಿ ಫೈನಲ್ ಮುಟ್ಟಿತು. 1958ರ ಏಪ್ರಿಲ್ 12ರಂದು ಬಾಬ್ ಪೆಟಿಟ್ ಒಬ್ಬರೇ 50 ಅಂಕ ಗಳಿಸಿ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ 110–109ರ ಗೆಲುವು ತಂದರು. ಪ್ರಶಸ್ತಿ ಸೇಂಟ್ ಲೂಯಿಸ್‌ಗೆ ಬಂತು. ಎದುರಾಳಿಯ ಬಲದ ಮೂಲ ಸೇಂಟ್ ಲೂಯಿಸ್‌ನದೇ ಒಂದು ತೀರ್ಮಾನ ಎಂಬುದು ನೋವಿನ ಸಂಗತಿ. 1956ರಲ್ಲಿ ಬಿಲ್ ರಸೆಲ್ ಅವರನ್ನು ಆಯ್ದುಕೊಳ್ಳುವ ಹಕ್ಕು ಹಾಕ್ಸ್ ಕೈಯಲ್ಲಿತ್ತು. ಎಡ್ ಮಕಾಲಿ ಮತ್ತು ಕ್ಲಿಫ್ ಹೇಗನ್ ಅವರನ್ನು ಪಡೆದು ಆ ಹಕ್ಕನ್ನು ಬಾಸ್ಟನ್‌ಗೆ ಕೊಟ್ಟಿತು. ರಸೆಲ್ ಇದ್ದ 13 ವರ್ಷಗಳಲ್ಲಿ ಸೆಲ್ಟಿಕ್ಸ್ 11 ಪ್ರಶಸ್ತಿ ಗೆದ್ದಿತು. ಹೊಸ ಕ್ರೀಡಾಂಗಣ ಸಿಗದೆ ಬೇಸತ್ತ ಕೆರ್ನರ್ 1968ರಲ್ಲಿ ತಂಡವನ್ನು ಮಾರಿದರು. ಹಾಕ್ಸ್ ಅಟ್ಲಾಂಟಾಗೆ ಹೋಯಿತು. 1958ರ ಆ ಪ್ರಶಸ್ತಿಯೇ ಇಂದಿಗೂ ಅದರ ಏಕೈಕ ಪ್ರಶಸ್ತಿ.

ಅದೇ 1968ರಲ್ಲಿ ರಾಜ್ಯದ ಇನ್ನೊಂದು ತುದಿಯಿಂದಲೂ ಒಂದು ತಂಡ ಹೊರಟಿತು. ಕನ್ಸಾಸ್ ಸಿಟಿ ಅಥ್ಲೆಟಿಕ್ಸ್ 1955ರಲ್ಲಿ ಫಿಲಡೆಲ್ಫಿಯಾದಿಂದ ಬಂದಾಗ ಜನರ ಸಂಭ್ರಮ ಅಷ್ಟಿಷ್ಟಲ್ಲ. ಮೊದಲ ವರ್ಷವೇ ಸುಮಾರು 13.9 ಲಕ್ಷ ಜನ ಆಟ ನೋಡಿದರು. ಆದರೆ ಮಾಲೀಕ ಅರ್ನಾಲ್ಡ್ ಜಾನ್ಸನ್‌ಗೆ ನ್ಯೂಯಾರ್ಕ್ ಯಾಂಕೀಸ್ ಮಾಲೀಕರೊಂದಿಗೆ ವ್ಯಾಪಾರ ಸಂಬಂಧವಿತ್ತು. ತಂಡದಲ್ಲಿ ಬೆಳೆದ ಒಳ್ಳೆಯ ಆಟಗಾರರು ಒಬ್ಬೊಬ್ಬರಾಗಿ ನ್ಯೂಯಾರ್ಕ್ ಸೇರಿದರು. 1959ರ ಡಿಸೆಂಬರ್‌ನಲ್ಲಿ ಹೋದ ರಾಜರ್ ಮಾರಿಸ್ 1961ರಲ್ಲಿ 61 ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದರು. ತಮ್ಮ ಊರು ಯಾಂಕೀಸ್‌ನ ತರಬೇತಿ ಶಾಲೆಯಾಯಿತು ಎಂಬ ಕನ್ಸಾಸ್ ಸಿಟಿಯವರ ಅಸಮಾಧಾನಕ್ಕೆ ಪೂರ್ತಿ ಆಧಾರವಿತ್ತು.

ಜಾನ್ಸನ್ ತೀರಿಕೊಂಡ ಮೇಲೆ 1960ರ ಕೊನೆಗೆ ವಿಮಾ ವ್ಯಾಪಾರಿ ಚಾರ್ಲ್ಸ್ ಫಿನ್ಲಿ ತಂಡ ಕೊಂಡರು. ಬೂದು, ಬಿಳಿ ಬಣ್ಣದ ಉಡುಪುಗಳ ಕಾಲದಲ್ಲಿ ಆಟಗಾರರಿಗೆ ಹೊನ್ನಿನ ಮತ್ತು ಹಸಿರು ಬಣ್ಣದ ಉಡುಪು ತೊಡಿಸಿದರು. ಹೇಸರಗತ್ತೆಯೊಂದನ್ನು ತಂಡದ ಲಾಂಛನ ಪ್ರಾಣಿಯಾಗಿ ಊರೂರಿಗೆ ಕರೆದೊಯ್ದರು. 1965ರ ಸೆಪ್ಟೆಂಬರ್ 8ರಂದು ಬರ್ಟ್ ಕಾಂಪನೆರಿಸ್ ಒಂದೇ ಪಂದ್ಯದಲ್ಲಿ ಒಂಬತ್ತು ಸ್ಥಾನಗಳಲ್ಲೂ ಆಡಿದರು. ಅದೇ ತಿಂಗಳ 25ರಂದು 59 ವರ್ಷದ ಸ್ಯಾಚೆಲ್ ಪೇಜ್ ಬಾಸ್ಟನ್ ವಿರುದ್ಧ ಮೂರು ಇನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ಮೊನಾರ್ಕ್ಸ್ ಕಾಲದ ವೀರ ತನ್ನ ಹಳೆಯ ಊರಿನಲ್ಲಿ ಆಡಿದ ಆ ಸಂಜೆ, ಪ್ರಚಾರಕ್ಕಾಗಿ ಏರ್ಪಟ್ಟಿದ್ದರೂ, ಅಥ್ಲೆಟಿಕ್ಸ್‌ನ 13 ವರ್ಷಗಳಲ್ಲಿ ಅತ್ಯಂತ ಘನವಾದ ಕ್ಷಣ. ಆ 13 ವರ್ಷಗಳಲ್ಲಿ ಒಂದು ಬಾರಿಯೂ ತಂಡದ ಗೆಲುವುಗಳು ಸೋಲುಗಳಿಗಿಂತ ಹೆಚ್ಚಾಗಲಿಲ್ಲ.

ಫಿನ್ಲಿ ಡಲ್ಲಾಸ್, ಲೂಯಿವಿಲ್ ಎಂದು ಊರು ಹುಡುಕುತ್ತಲೇ ಇದ್ದರು. 1967ರ ಅಕ್ಟೋಬರ್‌ನಲ್ಲಿ ಓಕ್ಲೆಂಡ್‌ಗೆ ಹೋಗಲು ಲೀಗ್ ಒಪ್ಪಿತು. ಅಷ್ಟರಲ್ಲಿ ರೆಗಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್, ಸಾಲ್ ಬ್ಯಾಂಡೊರಂಥ ಎಳೆಯ ಆಟಗಾರರು ತಂಡದಲ್ಲಿದ್ದರು. 1972, 1973, 1974ರಲ್ಲಿ ಓಕ್ಲೆಂಡ್ ಸತತ ಮೂರು ಬಾರಿ ವರ್ಲ್ಡ್ ಸೀರೀಸ್ ಗೆದ್ದಿತು. ಬೆಳೆಸಿದ್ದು ಕನ್ಸಾಸ್ ಸಿಟಿ, ಉಂಡದ್ದು ಓಕ್ಲೆಂಡ್. ಮಿಸೌರಿಯ ಸೆನೆಟರ್ ಸ್ಟುವರ್ಟ್ ಸೈಮಿಂಗ್ಟನ್ ಸುಮ್ಮನಿರಲಿಲ್ಲ. ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಬೇಸ್‌ಬಾಲ್‌ಗೆ ಇರುವ ವಿನಾಯಿತಿಯನ್ನು ಪ್ರಶ್ನಿಸುವುದಾಗಿ ಎಚ್ಚರಿಸಿದರು. ಲೀಗ್ ಬೆದರಿತು. 1971ಕ್ಕೆ ಎಂದಿದ್ದ ಹೊಸ ತಂಡ 1969ರಲ್ಲೇ ಬಂತು. ಔಷಧ ಉದ್ಯಮಿ ಯೂಯಿಂಗ್ ಕಾಫ್‌ಮನ್ ಅವರ ಆ ತಂಡವೇ 1985 ಮತ್ತು 2015ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ರಾಯಲ್ಸ್.

1970ರ ದಶಕದಲ್ಲಿ ಕನ್ಸಾಸ್ ಸಿಟಿ ಬ್ಯಾಸ್ಕೆಟ್‌ಬಾಲ್ ಮತ್ತು ಐಸ್ ಹಾಕಿಯತ್ತ ಕೈಚಾಚಿತು. 1972ರಲ್ಲಿ ಸಿನ್ಸಿನಾಟಿಯ ರಾಯಲ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಬಂತು. ಆ ಹೆಸರಿನ ಬೇಸ್‌ಬಾಲ್ ತಂಡ ಊರಿನಲ್ಲಿ ಆಗಲೇ ಇದ್ದುದರಿಂದ ಅದು ಕಿಂಗ್ಸ್ ಎಂದು ಹೆಸರು ಬದಲಿಸಿತು. ಮೊದಲ ಕೆಲವು ವರ್ಷ ತನ್ನ ಪಂದ್ಯಗಳನ್ನು ನೆಬ್ರಾಸ್ಕಾದ ಒಮಾಹದೊಂದಿಗೆ ಹಂಚಿಕೊಂಡಿತು. ಮೊದಲ ಋತುವಿನಲ್ಲೇ ನೇಟ್ ಆರ್ಚಿಬಾಲ್ಡ್ ಅಂಕ ಗಳಿಕೆ ಮತ್ತು ಅಸಿಸ್ಟ್ ಎರಡರಲ್ಲೂ ಇಡೀ ಲೀಗಿಗೆ ಮೊದಲಿಗರಾದರು. 1974ರಲ್ಲಿ ಕೆಂಪರ್ ಅರೀನಾ ತೆರೆಯಿತು. ಅದರೊಂದಿಗೆ ಸ್ಕೌಟ್ಸ್ ಎಂಬ ಹೊಸ ಐಸ್ ಹಾಕಿ ತಂಡವೂ ಹುಟ್ಟಿತು. ಏಳು ತಂಡಗಳಲ್ಲಿ ಮಿಸೌರಿಯಲ್ಲೇ ಹುಟ್ಟಿದ್ದು ಇದೊಂದೇ. ಎರಡು ಋತುಗಳ 160 ಪಂದ್ಯಗಳಲ್ಲಿ 27 ಮಾತ್ರ ಗೆದ್ದ ಸ್ಕೌಟ್ಸ್ 1976ರಲ್ಲಿ ಡೆನ್ವರ್‌ಗೆ, ಅಲ್ಲಿಂದ 1982ರಲ್ಲಿ ನ್ಯೂಜೆರ್ಸಿಗೆ ಹೋಯಿತು. ಐಸ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನು ಮೂರು ಬಾರಿ ಗೆದ್ದ ನ್ಯೂಜೆರ್ಸಿ ಡೆವಿಲ್ಸ್ ಅದೇ ತಂಡ.

1979ರ ಜೂನ್ 4ರ ರಾತ್ರಿ ಮಳೆಗಾಳಿಗೆ ಕೆಂಪರ್ ಅರೀನಾದ ಛಾವಣಿ ಕುಸಿಯಿತು. ಒಳಗೆ ಪಂದ್ಯವಿರಲಿಲ್ಲ, ಜೀವಹಾನಿ ಆಗಲಿಲ್ಲ. ಆದರೆ ಕಿಂಗ್ಸ್ ಹಳೆಯ ಸಣ್ಣ ಸಭಾಂಗಣಕ್ಕೆ ಮರಳಬೇಕಾಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ಹೂಡಿಕೆದಾರರು ತಂಡವನ್ನು 1.05 ಕೋಟಿ ಡಾಲರಿಗೆ ಕೊಂಡು, 1985ರಲ್ಲಿ ತಮ್ಮ ಊರಿಗೆ ಒಯ್ದರು. 2013ರಲ್ಲಿ ಕಿಂಗ್ಸ್ ಅಲ್ಲಿಂದಲೂ ಸಿಯಾಟಲ್‌ಗೆ ಹೋಗುವುದರಲ್ಲಿತ್ತು. ಮುಂಬೈಯಲ್ಲಿ ಹುಟ್ಟಿದ ಉದ್ಯಮಿ ವಿವೇಕ್ ರಣದಿವೆ ನೇತೃತ್ವದ ಗುಂಪು ಕೊಂಡು ಉಳಿಸಿಕೊಂಡಿತು. ಓಕ್ಲೆಂಡ್ ಬಿಟ್ಟ ಅಥ್ಲೆಟಿಕ್ಸ್, ಲಾಸ್ ವೇಗಸ್‌ನ ಹೊಸ ಕ್ರೀಡಾಂಗಣ ಸಿದ್ಧವಾಗುವವರೆಗೆ ಎಂದು 2025ರಿಂದ ಆಡುತ್ತಿರುವುದೂ ಸ್ಯಾಕ್ರಮೆಂಟೊ ಬಳಿಯ, ಇದೇ ರಣದಿವೆ ಗುಂಪಿನ ಮೈದಾನದಲ್ಲಿ. ಕನ್ಸಾಸ್ ಸಿಟಿ ಕಳೆದುಕೊಂಡ ಎರಡು ತಂಡಗಳು ಹೀಗೆ ಒಂದೇ ಕಡೆ ಸೇರಿವೆ. 2007ರಲ್ಲಿ ಕನ್ಸಾಸ್ ಸಿಟಿ ಸ್ಪ್ರಿಂಟ್ ಸೆಂಟರ್ ಎಂಬ ದೊಡ್ಡ ಒಳಾಂಗಣ ಕಟ್ಟಿ ಕಾಯಿತು. ಬ್ಯಾಸ್ಕೆಟ್‌ಬಾಲ್ ಆಗಲಿ ಹಾಕಿಯಾಗಲಿ ಬರಲಿಲ್ಲ.

ಮುಚ್ಚಿದ ಮೇಲೂ ದಶಕಗಳ ಕಾಲ ಹಣ ಗಳಿಸಿದ ಒಂದು ತಂಡ ಸೇಂಟ್ ಲೂಯಿಸ್‌ನಲ್ಲಿತ್ತು. ಅದು ಸ್ಪಿರಿಟ್ಸ್ ಆಫ್ ಸೇಂಟ್ ಲೂಯಿಸ್. ಬ್ಯಾಸ್ಕೆಟ್‌ಬಾಲ್‌ನ ಪ್ರಮುಖ ಲೀಗ್ ಆದ ಎನ್‌ಬಿಎಗೆ ಪೈಪೋಟಿಯಾಗಿದ್ದ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್‌ನಲ್ಲಿ 1974ರಿಂದ ಎರಡು ಋತು ಆಡಿತು. ಜವಳಿ ಉದ್ಯಮಿಗಳಾದ ಓಜಿ ಮತ್ತು ಡೇನಿಯಲ್ ಸಿಲ್ನಾ ಸಹೋದರರು ಅದರ ಮಾಲೀಕರು. 1976ರಲ್ಲಿ ಎರಡು ಲೀಗ್‌ಗಳು ಒಂದಾದಾಗ ನಾಲ್ಕು ತಂಡಗಳಿಗೆ ಮಾತ್ರ ಎನ್‌ಬಿಎಯಲ್ಲಿ ಜಾಗ ಸಿಕ್ಕಿತು. ಹೊರಗುಳಿದ ಕೆಂಟಕಿ ತಂಡದ ಮಾಲೀಕರು ಸುಮಾರು 33 ಲಕ್ಷ ಡಾಲರ್ ಪಡೆದು ಸುಮ್ಮನಾದರು. ಸಿಲ್ನಾ ಸಹೋದರರು 22 ಲಕ್ಷ ಡಾಲರ್ ಜೊತೆಗೆ ಇನ್ನೊಂದನ್ನು ಕೇಳಿದರು: ಆ ನಾಲ್ಕೂ ತಂಡಗಳಿಗೆ ಬರುವ ಟಿವಿ ಹಣದಲ್ಲಿ ಏಳನೇ ಒಂದು ಪಾಲು, ಅದೂ ಲೀಗ್ ಇರುವವರೆಗೆ. ಆಗ ಬ್ಯಾಸ್ಕೆಟ್‌ಬಾಲ್‌ನ ಟಿವಿ ಹಕ್ಕಿಗೆ ಹೇಳಿಕೊಳ್ಳುವ ಬೆಲೆ ಇರಲಿಲ್ಲ, ಒಪ್ಪಿಗೆ ಸುಲಭವಾಗಿ ಸಿಕ್ಕಿತು. ಮುಂದೆ ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್, ಮೈಕೆಲ್ ಜೋರ್ಡಾನ್ ಬಂದರು. ಟಿವಿ ಹಣ ಏರುತ್ತ ಹೋಯಿತು. ಎನ್‌ಬಿಎಯಲ್ಲಿ ಒಂದೂ ಪಂದ್ಯ ಆಡದ ತಂಡಕ್ಕೆ ಸುಮಾರು 30 ಕೋಟಿ ಡಾಲರ್ ಸಂದ ಮೇಲೆ, 2014ರಲ್ಲಿ ಎನ್‌ಬಿಎ 50 ಕೋಟಿ ಡಾಲರ್ ಒಟ್ಟಿಗೆ ಕೊಟ್ಟು ಆ ಒಪ್ಪಂದದ ಬಹುಭಾಗವನ್ನು ತೀರಿಸಿಕೊಂಡಿತು. ಸೇಂಟ್ ಲೂಯಿಸ್ ನಗರಕ್ಕೆ ಇದರಲ್ಲಿ ಬಿಡಿಗಾಸೂ ಬರಲಿಲ್ಲ. ಊರಿಗೂ ತಂಡಕ್ಕೂ ನಡುವಿನ ನಂಟು ಎಂಥದ್ದು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ.

ಹೊರಟು ನಿಂತೂ ಉಳಿದ ತಂಡವೂ ಒಂದಿದೆ. 1967ರಲ್ಲಿ ಹುಟ್ಟಿದ ಸೇಂಟ್ ಲೂಯಿಸ್ ಬ್ಲೂಸ್ ಐಸ್ ಹಾಕಿ ತಂಡವನ್ನು 1983ರಲ್ಲಿ ಕೆನಡಾದ ಸಸ್ಕಟೂನ್ ಎಂಬ ಸಣ್ಣ ನಗರಕ್ಕೆ ಮಾರುವ ಒಪ್ಪಂದವಾಗಿತ್ತು. ಲೀಗ್ ತಡೆಯಿತು. ಹೊಸ ಮಾಲೀಕರು ಸಿಕ್ಕರು. 2019ರಲ್ಲಿ ಬ್ಲೂಸ್ ಸ್ಟಾನ್ಲಿ ಕಪ್ ಗೆದ್ದಿತು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೇಂಟ್ ಲೂಯಿಸ್ ಎರಡು ಬಾರಿ ಪೆಟ್ಟು ತಿಂದಿತು. 1960ರಲ್ಲಿ ಶಿಕಾಗೊದಿಂದ ಬಂದ ಕಾರ್ಡಿನಲ್ಸ್, ಬೇಸ್‌ಬಾಲ್ ತಂಡದ ಹೆಸರಿನದೇ ಆದ ಇನ್ನೊಂದು ತಂಡ. ಊರಿನವರು ಇದನ್ನು ಬಿಗ್ ರೆಡ್ ಎಂದು ಕರೆದರು. 28 ವರ್ಷಗಳಲ್ಲಿ ಒಂದೂ ಪ್ಲೇಆಫ್ ಪಂದ್ಯ ಗೆಲ್ಲಲಿಲ್ಲ. ತಮ್ಮದೇ ದೊಡ್ಡ ಕ್ರೀಡಾಂಗಣ ಬೇಕೆಂದ ಮಾಲೀಕ ಬಿಲ್ ಬಿಡ್‌ವಿಲ್ 1988ರಲ್ಲಿ ತಂಡವನ್ನು ಅರಿಜೋನಾಗೆ ಒಯ್ದರು.

ಮತ್ತೊಂದು ತಂಡ ಬೇಕೆಂಬ ಹಂಬಲದಲ್ಲಿ ನಗರ, ಕೌಂಟಿ ಮತ್ತು ರಾಜ್ಯ ಸರ್ಕಾರಗಳು ಸುಮಾರು 28 ಕೋಟಿ ಡಾಲರ್ ಸಾರ್ವಜನಿಕ ಹಣದಲ್ಲಿ ಛಾವಣಿಯುಳ್ಳ ಕ್ರೀಡಾಂಗಣ ಕಟ್ಟತೊಡಗಿದವು. ಆಡುವ ತಂಡ ಇನ್ನೂ ಇರಲಿಲ್ಲ. 1993ರಲ್ಲಿ ಹೊಸ ಫ್ರಾಂಚೈಸಿಗಳು ಶಾರ್ಲಟ್ ಮತ್ತು ಜ್ಯಾಕ್ಸನ್‌ವಿಲ್ ಪಾಲಾದವು. ಆಗ ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ ಜಾರ್ಜಿಯಾ ಫ್ರಾಂಟಿಯರ್ ತಮ್ಮ ರ‍್ಯಾಮ್ಸ್ ತಂಡವನ್ನು ಲಾಸ್ ಏಂಜಲೀಸ್ ಪ್ರದೇಶದಿಂದ ತರಲು ಒಪ್ಪಿದರು. ಖಾಲಿ ಕ್ರೀಡಾಂಗಣ ಇಟ್ಟುಕೊಂಡು ಕಾಯುತ್ತಿದ್ದ ಊರಿಗೆ ಚೌಕಾಸಿ ಮಾಡುವ ಬಲವಿರಲಿಲ್ಲ. ಗುತ್ತಿಗೆಯಲ್ಲಿ ಒಂದು ಷರತ್ತು ಸೇರಿತು. 2005 ಮತ್ತು 2015ರಲ್ಲಿ ಈ ಕ್ರೀಡಾಂಗಣ ಲೀಗಿನ ಅತ್ಯುತ್ತಮ ಕಾಲುಭಾಗದ ಕ್ರೀಡಾಂಗಣಗಳಲ್ಲಿ ಒಂದಾಗಿರಬೇಕು, ಇಲ್ಲದಿದ್ದರೆ ತಂಡ ಗುತ್ತಿಗೆಯಿಂದ ಬಿಡುಗಡೆ ಪಡೆಯಬಹುದು.

1995ರಲ್ಲಿ ರ‍್ಯಾಮ್ಸ್ ಬಂದಾಗ ಆ ಷರತ್ತಿನ ಕಡೆ ಯಾರ ಗಮನವೂ ಹೋಗಲಿಲ್ಲ. 1999ರ ಋತುವಿನಲ್ಲಿ ಪವಾಡವೇ ನಡೆಯಿತು. ಕೆಲ ವರ್ಷಗಳ ಹಿಂದೆ ಐಯೊವಾದ ದಿನಸಿ ಅಂಗಡಿಯಲ್ಲಿ ಸರಕು ಜೋಡಿಸುತ್ತಿದ್ದ ಕರ್ಟ್ ವಾರ್ನರ್ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಯ್ದರು. 2000ದ ಜನವರಿ 30ರಂದು ಟೆನೆಸ್ಸಿ ಟೈಟನ್ಸ್ ವಿರುದ್ಧದ ಆ ಪಂದ್ಯದ ಕೊನೆಯ ಕ್ಷಣ, ಗೆರೆಗೆ ಒಂದೇ ಗಜ ದೂರದಲ್ಲಿ ಎದುರಾಳಿಯನ್ನು ಹಿಡಿದು ಕೆಡವಿದ ಮೈಕ್ ಜೋನ್ಸ್ ಕನ್ಸಾಸ್ ಸಿಟಿಯವರು. 23–16ರಿಂದ ರ‍್ಯಾಮ್ಸ್ ಗೆದ್ದಿತು.

2008ರಲ್ಲಿ ಫ್ರಾಂಟಿಯರ್ ತೀರಿಕೊಂಡರು. 2010ರಲ್ಲಿ ತಂಡ ಸ್ಟಾನ್ ಕ್ರೊಂಕೆ ಕೈಗೆ ಬಂತು. ಕ್ರೊಂಕೆ ಮಿಸೌರಿಯವರೇ, ಎನೊಸ್ ಸ್ಟಾನ್ಲಿ ಎಂಬ ಅವರ ಹೆಸರು ಕಾರ್ಡಿನಲ್ಸ್‌ನ ಇಬ್ಬರು ಬೇಸ್‌ಬಾಲ್ ವೀರರಿಂದ ಬಂದದ್ದು. ಷರತ್ತಿನಂತೆ ಸುಮಾರು 70 ಕೋಟಿ ಡಾಲರ್ ವೆಚ್ಚದ ನವೀಕರಣವಾಗಬೇಕು ಎಂಬ ರ‍್ಯಾಮ್ಸ್ ವಾದವನ್ನು 2013ರಲ್ಲಿ ಮಧ್ಯಸ್ಥಗಾರರು ಎತ್ತಿಹಿಡಿದರು. ಅಷ್ಟು ಹಣ ಹಾಕಲು ಊರು ಒಪ್ಪಲಿಲ್ಲ. ಅದರ ಬದಲು ನದಿಯ ದಂಡೆಯಲ್ಲಿ ಹೊಸ ಕ್ರೀಡಾಂಗಣದ ಯೋಜನೆ ಮುಂದಿಟ್ಟಿತು. ಅಷ್ಟರಲ್ಲಿ ಕ್ರೊಂಕೆ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ 60 ಎಕರೆ ಜಾಗ ಕೊಂಡಿದ್ದರು. 2016ರ ಜನವರಿ 12ರಂದು ಲೀಗಿನ ಮಾಲೀಕರು 30–2 ಮತಗಳಿಂದ ವಲಸೆಗೆ ಒಪ್ಪಿದರು. ತಂಡ ಹೋದ ಮೇಲೂ ಕ್ರೀಡಾಂಗಣದ ಸಾಲ ಉಳಿಯಿತು. ರಾಜ್ಯ, ನಗರ, ಕೌಂಟಿ ಮೂರೂ ಸೇರಿ ವರ್ಷಕ್ಕೆ 2.4 ಕೋಟಿ ಡಾಲರ್ ಕಟ್ಟುತ್ತಲೇ ಇದ್ದವು.

ಈ ಬಾರಿ ಸೇಂಟ್ ಲೂಯಿಸ್ ನ್ಯಾಯಾಲಯಕ್ಕೆ ಹೋಯಿತು. ಊರು ಬಿಡುವ ತಂಡ ಅದಕ್ಕೆ ಮೊದಲು ಅಲ್ಲೇ ಉಳಿಯಲು ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು ಎಂದು ಲೀಗಿನದೇ ನಿಯಮ ಹೇಳುತ್ತದೆ. ಅದನ್ನು ಮುರಿಯಲಾಗಿದೆ ಎಂದು 2017ರಲ್ಲಿ ನಗರ, ಕೌಂಟಿ ಮತ್ತು ಕ್ರೀಡಾಂಗಣ ಪ್ರಾಧಿಕಾರ ಮೊಕದ್ದಮೆ ಹೂಡಿದವು. ವಿಚಾರಣೆ ನಡೆದರೆ ಮಾಲೀಕರ ಹಣಕಾಸಿನ ಗುಟ್ಟುಗಳು ಬಯಲಾಗುವ ಸಂದರ್ಭ ಬಂದಿತ್ತು. 2021ರ ನವೆಂಬರ್‌ನಲ್ಲಿ ಎದುರು ಪಕ್ಷ 79 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಂಡ ಕಳೆದುಕೊಂಡ ಊರು ಇಷ್ಟು ದೊಡ್ಡ ಮೊತ್ತ ಪಡೆದದ್ದು ಅಪರೂಪ. ಇದು ಅದರ ಹಕ್ಕೇ ಆಗಿತ್ತು. ಮೂರು ತಿಂಗಳ ಬಳಿಕ ರ‍್ಯಾಮ್ಸ್ ಲಾಸ್ ಏಂಜಲೀಸ್ ಹೆಸರಿನಲ್ಲಿ ಸೂಪರ್ ಬೌಲ್ ಗೆದ್ದಿತು.

ಅಮೆರಿಕದಲ್ಲಿ ಸಾಕರ್ ಎನ್ನುವ ಕಾಲ್ಚೆಂಡಿನಲ್ಲಿ ಸೇಂಟ್ ಲೂಯಿಸ್‌ನ ಪರಂಪರೆ ಹಳೆಯದು. 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು 1–0ಯಿಂದ ಸೋಲಿಸಿದ ಅಮೆರಿಕ ತಂಡದ ಐವರು ಈ ಊರಿನವರು. ಹಾಗಿದ್ದೂ ವೃತ್ತಿಪರ ತಂಡಗಳು ನಿಲ್ಲಲಿಲ್ಲ. ನಾರ್ತ್ ಅಮೆರಿಕನ್ ಸಾಕರ್ ಲೀಗಿನ ಸ್ಟಾರ್ಸ್ 1977ರ ಋತುವಿನ ನಂತರ ಕ್ಯಾಲಿಫೋರ್ನಿಯಾಗೆ ಹೋಯಿತು. 1969ರಲ್ಲಿ ಅದೇ ಲೀಗ್ ಗೆದ್ದ ಕನ್ಸಾಸ್ ಸಿಟಿ ಸ್ಪರ್ಸ್ ಮರುವರ್ಷ ಮುಚ್ಚಿತು. ಮಹಿಳೆಯರ ಸೇಂಟ್ ಲೂಯಿಸ್ ಅಥ್ಲೆಟಿಕಾ 2010ರ ಮೇ ತಿಂಗಳಲ್ಲಿ, ಋತುವಿನ ನಡುವೆಯೇ ನಿಂತಿತು. 2014 ಮತ್ತು 2015ರ ಪ್ರಶಸ್ತಿ ಗೆದ್ದಿದ್ದ ಮಹಿಳೆಯರ ಎಫ್‌ಸಿ ಕನ್ಸಾಸ್ ಸಿಟಿ 2017ರಲ್ಲಿ ಕೊನೆಗೊಂಡು, ಆಟಗಾರ್ತಿಯರು ಯೂಟಾಗೆ ಹೋದರು. ಆದರೆ ಕೆಲವೇ ವರ್ಷಗಳಲ್ಲಿ ಕನ್ಸಾಸ್ ಸಿಟಿ ಕರೆಂಟ್ ಎಂಬ ತಂಡ ಬಂದು, 2024ರಲ್ಲಿ ಮಹಿಳಾ ವೃತ್ತಿಪರ ತಂಡಕ್ಕೆಂದೇ ಕಟ್ಟಿದ ಕ್ರೀಡಾಂಗಣದಲ್ಲಿ ಆಡತೊಡಗಿತು. ಈ ಪಟ್ಟಿಯಲ್ಲಿ ಮನಸ್ಸಿಗೆ ನೆಮ್ಮದಿ ಕೊಡುವ ಬೆಳವಣಿಗೆ ಇದು.

ಕನ್ಸಾಸ್ ಸಿಟಿಯಲ್ಲಿ 2024 ಮತ್ತು 2025ರಲ್ಲಿ ಊರು ಬಿಡುವ ಚರ್ಚೆ ನಡೆದದ್ದು ಬೇಸ್‌ಬಾಲ್‌ನ ರಾಯಲ್ಸ್ ಮತ್ತು 1963ರಲ್ಲಿ ಡಲ್ಲಾಸ್‌ನಿಂದ ಬಂದ ಫುಟ್‌ಬಾಲ್‌ನ ಚೀಫ್ಸ್ ಬಗ್ಗೆ. ನಗರದ ಪಶ್ಚಿಮಕ್ಕೆ ರಾಜ್ಯದ ಗಡಿ. ರಸ್ತೆ ದಾಟಿದರೆ ಕನ್ಸಾಸ್ ರಾಜ್ಯ. 2024ರ ಏಪ್ರಿಲ್ 2ರಂದು ಜ್ಯಾಕ್ಸನ್ ಕೌಂಟಿಯ ಮತದಾರರ ಮುಂದೆ ಒಂದು ಪ್ರಶ್ನೆ ಬಂತು: ಎರಡು ತಂಡಗಳ ಕ್ರೀಡಾಂಗಣಗಳಿಗಾಗಿ ಮಾರಾಟ ತೆರಿಗೆಯನ್ನು ಇನ್ನೂ 40 ವರ್ಷ ಮುಂದುವರಿಸಬೇಕೇ? ಸುಮಾರು ಶೇಕಡ 58 ಜನ ಬೇಡ ಎಂದರು. ಮೂರು ತಿಂಗಳೊಳಗೆ ಕನ್ಸಾಸ್ ಶಾಸನಸಭೆ ಹೊಸ ಕ್ರೀಡಾಂಗಣದ ವೆಚ್ಚದ ಶೇಕಡ 70ರವರೆಗೆ ಸರ್ಕಾರಿ ಬಾಂಡ್‌ಗಳಿಂದ ಭರಿಸಲು ಅವಕಾಶ ಕೊಡುವ ಕಾನೂನು ಮಾಡಿತು. ಮಿಸೌರಿ 2025ರ ಜೂನ್‌ನಲ್ಲಿ ವಿಶೇಷ ಅಧಿವೇಶನ ಕರೆದು, ವೆಚ್ಚದ ಅರ್ಧದವರೆಗೆ ನೆರವು ನೀಡುವ ಕಾನೂನಿನಿಂದ ಉತ್ತರ ಕೊಟ್ಟಿತು. ಎರಡೂ ತಂಡಗಳ ಈಗಿನ ಗುತ್ತಿಗೆ ಮುಗಿಯುವುದು 2031ರ ಜನವರಿಯಲ್ಲಿ.